ಪೆನ್‌ಡ್ರೈವ್ ಕಿತ್ತ ಮೇಲೆ

ಶುಕ್ರವಾರ, ೨೧ ನವೆಂಬರ್ ೨೦೨೫. ಕರೂರು.

ಗ್ರಂಥಾಲಯದ ಕಂಪ್ಯೂಟರ್ ಕೊನೆಗೂ ಎದ್ದು ಕೂತಿತು. ಖುಷಿಗೆ ನಿದ್ದೆ ಹತ್ತುತ್ತಿಲ್ಲ.

ಹಳೆಯ ಹಾರ್ಡ್ ಡಿಸ್ಕ್ ಕೆಟ್ಟಾಗ ಪಂಚಾಯಿತಿಯವರು ಇದನ್ನು ಗುಜರಿಗೆ ಹಾಕೋಣ ಎಂದಿದ್ದರು. ನಾನೇ ಸರಿಮಾಡುತ್ತೇನೆಂದು ಹಟ ಹಿಡಿದು ಬಳ್ಳಾರಿಯ ಕೌಲ್ ಬಜಾರಿನಿಂದ ಹೊಸ ಡಿಸ್ಕ್ ತಂದೆ. ಪೆನ್‌ಡ್ರೈವ್ ಚುಚ್ಚಿ ವಿಂಡೋಸ್ ಹಾಕಲು ಕೂತರೆ, ಎಲ್ಲ ಕಾಪಿಯಾಗಿ ರೀಸ್ಟಾರ್ಟ್ ಆದೊಡನೆ ಮತ್ತೆ ಮೊದಲಿನಿಂದ ಶುರು. ಮೂರು ಸಲ ಹೀಗೇ ಆಗಿ ಅಳುವೇ ಬಂತು.

ಕಸ ಗುಡಿಸುತ್ತಿದ್ದ ಊರಮ್ಮ ಕೇಳಿದರು: "ಎಲ್ಲಾ ಒಳಗ ಹೋತಂದ್ರಿ. ಮತ್ತ ಆ ಕಡ್ಡಿ ಯಾಕ ಇನ್ನಾ ಅಲ್ಲೇ ಐತಿ ಮೇಡಮ್ಮಾರ?"

ಹೌದಲ್ಲ! ಕಂಪ್ಯೂಟರ್ ಪ್ರತಿಸಲ ಹೊಸ ಡಿಸ್ಕ್ ಬಿಟ್ಟು ಪೆನ್‌ಡ್ರೈವ್‌ನಿಂದಲೇ ಏಳುತ್ತಿತ್ತು. ನಾಲ್ಕನೇ ಸಲ ರೀಸ್ಟಾರ್ಟ್ ಆಗುವಾಗ ಅದನ್ನು ಕಿತ್ತೆ. ಪರದೆ ಕಪ್ಪಾಯಿತು. ಊರಮ್ಮ ಪೊರಕೆ ಹಿಡಿದೇ ಹತ್ತಿರ ಬಂದರು. ನೀಲಿ ಬೆಳಕು ಬಂತು, ಬಳಸುವವರ ಹೆಸರು ಕೇಳಿತು. ಟೈಪ್ ಮಾಡಿದೆ.

"ಏನ್ ಬರದ್ರಿ?"

"ನಿಮ್ಮ ಹೆಸರು."

"ನನಗ ಓದಾಕ ಬರಂಗಿಲ್ಲಲ್ರಿ."

"ಸೋಮವಾರದಿಂದ ಬರ್ರಿ, ಕಲಿಸ್ತೀನಿ."

ಅವರು ಪೊರಕೆ ಗೋಡೆಗೆ ಒರಗಿಸಿ, ಕೈ ಸೆರಗಿಗೆ ಒರೆಸಿಕೊಂಡು, ಕುರ್ಚಿ ಎಳೆದು ಕೂತರು. "ಸೋಮವಾರತನಕ ಯಾಕ್ರಿ?"

ಒಂದು ಗಂಟೆಯಲ್ಲಿ ಮೂರು ಅಕ್ಷರ ಗುರುತಿಸಿದರು. ನಾಳೆ ಕೀಲಿಗಳ ಮೇಲೆ ಕನ್ನಡ ಅಕ್ಷರದ ಚೀಟಿ ಅಂಟಿಸಬೇಕು, ದಪ್ಪಗೆ ಬರೆದು, ಆಮೇಲೆ… ಕಣ್ಣು ಎಳೆಯುತ್ತಿದೆ, ಉಳಿದದ್ದು ನಾಳೆ.