ದ್ವೀಪದ ಮನೆಯ ಮಗ

ಸೆಪ್ಟೆಂಬರ್ 9, ಮಂಗಳವಾರ
ಮತ್ತೆ ಇಬ್ಬರಿಗೆ ಆಗುವಷ್ಟು ಅನ್ನ! ಮದುವೆಯಾದ ಮೇಲೆ ಶ್ರೀ ಜೊತೆಗಿದ್ದದ್ದು ಮೂರು ವಾರವೂ ಇಲ್ಲ, ಈ ಗಲ್ಫ್ ಊರಿನಲ್ಲಿ ನಾನೊಬ್ಬಳೇ, ಆದರೂ ಕೈಗೆ ಇಬ್ಬರ ಅಳತೆ ಕೂತುಬಿಟ್ಟಿದೆ. ನಾಳೆ ಚಿತ್ರಾನ್ನ ಮಾಡಿ ಮಿರ್ಕಾಬ್ ಆಫೀಸಿಗೆ ಒಯ್ಯುವುದು.
ಲಂಚ್ ಬ್ರೇಕಿನಲ್ಲಿ ಫೋನ್. ದ್ವೀಪಗಳ ದೇಶ ವನುವಾಟುವಿನಲ್ಲಿ ಆಗ ರಾತ್ರಿ. ಸಿಗ್ನಲ್‌ಗಾಗಿ ಗುಡ್ಡ ಹತ್ತಿದ್ದಾನೆ, ನನ್ನ ಆರ್ಕಿಯಾಲಜಿಸ್ಟ್ ಗಂಡ! ಮೂರು ಸಾವಿರ ವರ್ಷದ ಹಿಂದಿನ ಮಡಕೆಯ ಚೂರು ಸಿಕ್ಕಿದೆಯಂತೆ.
"ಬಾಚಣಿಗಿ ಹಲ್ಲು ಒತ್ತಿದಂಗ ಚಿತ್ತಾರ ಅದ, ಯಾಮಿ!" — ಅಪ್ಪಟ ಧಾರವಾಡ.
"ನನ್ನ ಮುಖ ನೋಡಿ ಯಾವತ್ತಾದ್ರೂ ಇಷ್ಟು ಎಕ್ಸೈಟ್ ಆಗಿದ್ದೀಯಾ?"
"ನಿನ್ನ ಮುಖಕ್ಕೂ ಮೂರು ಸಾವಿರ ವರ್ಷ ಆಗ್ಲಿ, ನೋಡೂಣು."
ರಾಸ್ಕಲ್. ದೀಪಾವಳಿಗೆ ಬರುತ್ತಾನೆ. ಟಿಕೆಟ್ ಆಗಿದೆ. ನಮ್ಮ ಮೊದಲ ದೀಪಾವಳಿ!!

ಸೆಪ್ಟೆಂಬರ್ 12, ಶುಕ್ರವಾರ
ಫಿಂಟಾಸ್ ಬೀಚ್. ಎಲ್ಲರೂ ಫ್ಯಾಮಿಲಿ, ನನ್ನ ಜೊತೆಗೆ ಬರೀ ಐಸ್‌ಕ್ರೀಮ್. ಮೇಲಿನ ಮನೆಯ ಮಂಗಳಕ್ಕ ಸಿಕ್ಕರು. "ಏನವಾ, ಗಂಡನ್ನ ಸಮುದ್ರಕ್ಕ ಹಾಕಿ ಇಲ್ಲಿ ಕುಂತು ಕಾಯ್ತೀಯೇನ?" ಜೋರಾಗಿ ನಕ್ಕೆ. ಲಿಫ್ಟಿನಲ್ಲಿ ಒಬ್ಬಳೇ ಆದಾಗ ನಗು ನಿಂತುಹೋಯಿತು.

ಸೆಪ್ಟೆಂಬರ್ 17
ಶ್ರೀ ಫೋನಿನಲ್ಲಿ ಅಳುತ್ತಿದ್ದ. ಅವನು ಇಳಿದುಕೊಂಡಿರುವ ಮನೆಯ ಯಜಮಾನರು ನಿನ್ನೆ ತೀರಿಕೊಂಡರು. ಅಲ್ಲಿಗೆ ಹೋದ ಮೊದಲ ವರ್ಷವೇ ಇವನನ್ನು ಮಗ ಎಂದು ಕರೆದು ಊರಿಗೆಲ್ಲ ಊಟ ಹಾಕಿದವರು. ಅವರ ಮಾತಿನ ಮೇಲೆಯೇ ಆ ಊರು ನೆಲ ಅಗೆಯಲು ಬಿಟ್ಟದ್ದು.
"ನಮ್ಮಪ್ಪ ಹೋದಾಗೂ ನಾ ಇದ ಗುಡ್ಡದ ಮ್ಯಾಲಿದ್ದೆ. ಧಾರವಾಡ ಮುಟ್ಟೂದರಾಗ ಎಲ್ಲಾ ಮುಗದಿತ್ತು. ತಲಿ ಸೈತ ಬೋಳಿಸ್ಕೊಳ್ಳಲಿಲ್ಲ."
ತಟ್ಟನೆ ಹೊಳೆಯಿತು. "ಹಾಗಾದ್ರೆ ಈಗ ಮಾಡು ಶ್ರೀ. ಮಗ ಅಂದ್ಮೇಲೆ ಮಗ. ತಲೆ, ಗಡ್ಡ, ಮೀಸೆ ಎಲ್ಲಾ ತೆಗಿ. ಇಬ್ಬರಿಗೂ ಸಲ್ಲುತ್ತೆ."
ಮೂಗು ಒರೆಸಿಕೊಂಡ. ಆಮೇಲೆ, "ಖರೇ ಹೇಳ್ದಿ."
ಇಷ್ಟು ದೂರದಿಂದಲೂ ಇವತ್ತು ನಿಜವಾಗಿ ಹೆಂಡತಿಯಾದೆ ಅನ್ನಿಸಿತು.

ಸೆಪ್ಟೆಂಬರ್ 19
ಫೋಟೋ ಬಂತು. ಬೋಳು ತಲೆ, ನುಣ್ಣನೆಯ ಕೆನ್ನೆ. ಸ್ಕೂಲ್ ಹುಡುಗನ ಹಾಗೆ! ಪಾಪ, ಮುದ್ದು.

ಸೆಪ್ಟೆಂಬರ್ 30
ಫೋನ್ ಇಲ್ಲ. ಮೆಸೇಜಿಗೆ ಒಂದೇ ಉತ್ತರ — "ಬಿಜಿ."

ಅಕ್ಟೋಬರ್ 3, ಶುಕ್ರವಾರ
ಬೇಗ ಬರುತ್ತಿದ್ದಾನೆ!!! ಮುಂದಿನ ಶುಕ್ರವಾರವೇ! ಟಿಕೆಟ್ ಬದಲಾಯಿಸಿದನಂತೆ. ಕುಣಿದೆ, ಕೆಳಗಿನ ಮನೆಯವರು ಬಂದು ಬೆಲ್ ಒತ್ತುವಷ್ಟು.
ದನಿ ಮಾತ್ರ... ದಣಿದಿರಬೇಕು.

ಅಕ್ಟೋಬರ್ 5
ಸೂಸನ್ ಫೋನ್ ಮಾಡಿದ್ದರು. ತಂಡದ ಆಂಥ್ರೊಪಾಲಜಿಸ್ಟ್, ಮಂಗಳೂರಿನವರು. "ಮಣ್ಣಾಗ ಇದ್ದವರು ನನಗ ಗೊತ್ತು, ಮಣ್ಣಿನ ಮ್ಯಾಲಿದ್ದವರು ಸೂಸನ್‌ಗ ಗೊತ್ತು" ಎನ್ನುತ್ತಾನೆ ಶ್ರೀ. ಯಜಮಾನರು ತೀರಿಕೊಂಡ ವಾರ ಸೂಸನ್ ರಾಜಧಾನಿಗೆ ಹೋಗಿದ್ದರು.
"ನಾನು ಇದ್ದಿದ್ರೆ ತಡೀತಿದ್ದೆ ಮಾರಾಯ್ತಿ."
ಆ ಊರಿನಲ್ಲಿ ಅಪ್ಪ ಸತ್ತರೆ ಮಗ ಗಡ್ಡ ತೆಗೆಯುವುದಿಲ್ಲ. ಬಿಡುತ್ತಾನೆ. ನೂರನೆಯ ದಿನದ ಊಟದವರೆಗೆ ಊರು ಬಿಟ್ಟೂ ಹೋಗುವುದಿಲ್ಲ. ಅಂದು ತಾಯಿಯ ಎದುರು ಕೂತು ತೆಗೆಸಿಕೊಳ್ಳುತ್ತಾನೆ. ಮೊದಲೇ ತೆಗೆದರೆ, ನನ್ನ ದುಃಖ ಮುಗಿಯಿತು ಎಂದು ಹೇಳಿದ ಹಾಗೆ.
ಮಣ್ಣು ಮಾಡಿದ ಮರುದಿನವೇ ನುಣ್ಣಗೆ ಬಂದು ನಿಂತವನನ್ನು ನೋಡಿ ಯಜಮಾನರ ಹೆಂಡತಿ, ಆ ತಾಯಿ, ಬೈಯಲಿಲ್ಲವಂತೆ. "ಅವನದು ಮುಗಿಯಿತು. ದೋಣಿ ಇದೆ, ಹೋಗಲಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರಂತೆ. ಅಗೆತ ನಿಂತಿದೆ. ಶ್ರೀ ಊರ ಹೊರಗೆ ಟೆಂಟಿನಲ್ಲಿ.
ತಿರುಗಿ ಸೇರಲು ಒಂದೇ ದಾರಿ. ಗಡ್ಡ ಬಿಟ್ಟು, ಆಕೆ ಕರೆಯುವವರೆಗೆ ಆ ಬಾಗಿಲ ಹೊರಗೆ ಕೂರುವುದು. ನೂರನೆಯ ದಿನದ ಊಟ ಡಿಸೆಂಬರ್ ಕೊನೆಗೆ.
"ಕೂರ್ತಾನೆ ಅಂದ್ಕೊಂಡಿದ್ದೆ. ನೀನು ಒಬ್ಬಳೇ ಇದ್ದಿ ಅಂತ ಹೊರಟಿದ್ದಾನೆ. ಬೋಳಿಸೋ ಬುದ್ಧಿ ಯಾರು ಕೊಟ್ರೋ, ಹೇಳೋದೇ ಇಲ್ಲ."
ಹೇಳಿಲ್ಲ. ನನ್ನ ಹೆಸರು ಹೇಳಿಲ್ಲ.

ಅಕ್ಟೋಬರ್ 6
ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಶುಕ್ರವಾರ ಏರ್‌ಪೋರ್ಟಿನಲ್ಲಿ ನನ್ನ ಗಂಡ. ನನಗೆ ಬೇಕು ಅವನು... ಈ ಮನೆಯಲ್ಲಿ ಇನ್ನೊಂದು ಜೋಡಿ ಚಪ್ಪಲಿ ಬೇಕು.
ಆದರೆ ಇಳಿಯುವವನು ಎರಡನೇ ಸಲವೂ ಅಪ್ಪನ ಕೆಲಸಕ್ಕೆ ಇಲ್ಲದೆ ಬಂದವನು. ನಾನು ಒಬ್ಬಳೇ ಎಂದು ಬಂದವನು.

ಅಕ್ಟೋಬರ್ 7
"ಬರಬೇಡ" ಅಂದೆ.
"ಹುಚ್ಚು ಹಿಡದದೇನ? ಮೊದಲನೇ ದೀಪಾವಳಿ."
"ಸೂಸನ್ ಎಲ್ಲಾ ಹೇಳಿದ್ರು. ಹೋಗಿ ಬಾಗಿಲ ಹತ್ರ ಕೂತ್ಕೋ. ತೆಗಿ ಅಂದಿದ್ದು ನಾನು ಅಂತ ಆ ತಾಯಿಗೆ ಹೇಳು."
"ತೆಗದಾಂವ ನಾನು." ಮತ್ತೆ, ಬಹಳ ಸಣ್ಣಗೆ, "ಆಕಿ ಕರೀದಿದ್ರ, ಯಾಮಿ?"
ಗೊತ್ತಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ. "ಆದ್ರೂ ಕೂತ್ಕೋ."
"ನೀ ಒಬ್ಬಾಕಿ ಹೆಂಗಿರ್ತೀ?"
"ನಾನಾ? ಫಸ್ಟ್ ಕ್ಲಾಸ್!" ಎಂದು ಫೋನಿಟ್ಟೆ.

ಅಕ್ಟೋಬರ್ 20, ಸೋಮವಾರ
ಹಬ್ಬ. ರಜೆ ಇಲ್ಲ. ಬೆಳಿಗ್ಗೆ ನಾನೇ ಎಣ್ಣೆ ಹಚ್ಚಿಕೊಂಡೆ. ಬೆನ್ನಿಗೆ ಕೈ ಎಟುಕಲಿಲ್ಲ. ಸಂಜೆ ಮಂಗಳಕ್ಕ ಶೇಂಗಾ ಹೋಳಿಗೆ ಕೊಟ್ಟು ಹೋದರು. ಅವರೂ ಇವತ್ತು ತಮಾಷೆ ಮಾಡಲಿಲ್ಲ.
ಸೂಸನ್ ಫೋಟೋ ಕಳಿಸಿದ್ದಾರೆ. ಗರಿಯ ಮಾಡಿನ ಮನೆ, ಹೊರಗೆ ಶ್ರೀ, ಕೆನ್ನೆಯ ಮೇಲೆ ಕಪ್ಪಗೆ ಗಡ್ಡ. ಪಕ್ಕದಲ್ಲಿ ಎಲೆ ಮುಚ್ಚಿದ ಒಂದು ತಟ್ಟೆ. ಇವತ್ತು ಬೆಳಿಗ್ಗೆ ಅವನು ಬಂದು ಕೂರುವ ಮೊದಲೇ ಅಲ್ಲಿತ್ತಂತೆ. ಇಟ್ಟವರು ಯಾರೆಂದು ಯಾರೂ ಹೇಳುವುದಿಲ್ಲವಂತೆ.
ದೊಡ್ಡದು ಮಾಡಿ ನೋಡಿದೆ. ಬಾಗಿಲು ಪೂರ್ತಿ ಮುಚ್ಚಿಲ್ಲ. ಒಂದು ಕೈಯಗಲ ತೆರೆದಿದೆ... ಅಥವಾ ನೆರಳೋ. ಅವನು ಅದಕ್ಕೆ ಬೆನ್ನು ಹಾಕಿ ಕೂತಿದ್ದಾನೆ.
ಫೋನ್ ಮಾಡಿ ತಿರುಗಿ ನೋಡು ಅನ್ನಲೇ? ಬೇಡ. ಈ ಸಲ ನಾನೇನೂ ಹೇಳಬಾರದು. ಅಲ್ಲಿ ಈಗ ಬೆಳಗಾಗುತ್ತಿರಬೇಕು. ಆಕೆ ಎದ್ದು ತಟ್ಟೆ ಹಿಡಿದು ಆ ಬಾಗಿಲಿಗೆ ಬರುತ್ತಿರಬಹುದು.