ಹತ್ತು ಸೆಕೆಂಡಿನ ಸ್ಟಾಪ್

ನವೆಂಬರ್ 3, ಸೋಮವಾರ

ಇವತ್ತೂ ಬಸ್ಸು ಮಮ್ಮಿಯನ್ನು ಬಿಟ್ಟು ಹೋಯಿತು. ಕಡಿಯಾಳಿ ಸ್ಟಾಪ್, 8.12ರ ಮಣಿಪಾಲ ಬಸ್ಸು. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದಲ್ಲಿ — ಅಷ್ಟರಲ್ಲಿ ಕಂಡಕ್ಟರ್ "ರೈಟ್ ಪೋಯಿ" ಎಂದು ಕೂಗಿ ಬಸ್ಸು ಹೊರಡಿಸಿಯಾಯಿತು. ಇದು ಅನ್ಯಾಯ. ಟೈಮಿಂಗ್, ಟ್ರಾಫಿಕ್ ಎಂದು ಬೇರೆ ಹೆಸರು ಕೊಡಬಾರದು.

ಮಮ್ಮಿಗೆ ಸಿಟ್ಟೇ ಇಲ್ಲ. "ಮುಂದಿನ ಬಸ್ಸು ಉಂಟಲ್ಲ, ಬಾಯೆ," ಎಂದು ಮಗಳಿಗೇ ಸಮಾಧಾನ. ಕೆಲಸಕ್ಕೆ ತಡವಾದರೆ ಹಾಸ್ಟೆಲ್ ಮೆಸ್ಸಿನಲ್ಲಿ ಬೈಗುಳ ತಿನ್ನುವವರು ಯಾರು?

ಹದಿನೆಂಟನೇ ತಾರೀಕಿಗೆ ಸಾರಿಗೆ ಇಲಾಖೆಯ ಅಹವಾಲು ಸಭೆ. ನನಗೆ ಐದು ನಿಮಿಷ ಸಿಕ್ಕಿದೆ. ಝೆರಾಕ್ಸ್ ಅಂಗಡಿಯ ಕೆಲಸದ ಲಾಭ ಒಂದೇ — ಪ್ರಿಂಟಿಗೆ ಬರುವ ಕರಪತ್ರಗಳನ್ನೆಲ್ಲ ಮನೆಗೆ ತಂದು ಓದಿದ್ದೇನೆ. ಕಲಿತದ್ದು ಇಷ್ಟು: ಬೇಡಬಾರದು, ತೋರಿಸಬೇಕು. ಉಡುಪಿಯಿಂದ ಮಣಿಪಾಲಕ್ಕೆ ಟ್ರಾಮ್ ಓಡಿಸಿಯೇ ತೋರಿಸುತ್ತೇನೆ. ಹಳಿಯ ಮೇಲೆ ಓಡುವ, ಅಂಗೈಯಷ್ಟು ಮಾದರಿ ಟ್ರಾಮ್. ತಾನಾಗಿ ಹೊರಡಬೇಕು, ತಾನಾಗಿ ನಿಲ್ಲಬೇಕು. ಕಂಡಕ್ಟರನ ದರ್ಪ ಇಲ್ಲ.

ನವೆಂಬರ್ 6

ಜಾಗವೇ ಇಲ್ಲ. ಇರುವುದು ಒಂದು ಕೋಣೆ. ಕಪಾಟಿಗೂ ದೇವರ ಅಲ್ತಾರಿಗೂ ನಡುವೆ ನಾಲ್ಕು ಅಡಿ. ಹಳೆಯ ಬಾಗಿಲಿನ ಹಲಗೆ ಹೇಗೋ ಕೂತಿತು. ನಿಜದ ರಸ್ತೆಯ ಹಾಗೆಯೇ ಇಂದ್ರಾಳಿಯಿಂದ ಮೇಲಕ್ಕೆ ಏರು, ಚಕ್ರ ಜಾರುತ್ತದೆ. ರಬ್ಬರ್ ಬ್ಯಾಂಡ್ ಸುತ್ತಿದೆ. ಈಗ ಏರುತ್ತದೆ, ತಿರುವಿನಲ್ಲಿ ಮಗುಚುತ್ತದೆ. ಮೂರು ಸಲ ಹಳಿ ಕಿತ್ತು ಅಂಟಿಸಿದೆ. ಬೆರಳಿಗೇ ಅಂಟು ಹೆಚ್ಚು.

ನವೆಂಬರ್ 8, ಸಂಜೆ 7.30

ಏಳಕ್ಕೆ ಜಪಮಾಲೆ. ಅಲ್ತಾರಿನ ದೀಪಕ್ಕೆಂದು ಮಮ್ಮಿ ನನ್ನ ಟ್ರಾಮಿನ ಪ್ಲಗ್ ಕಿತ್ತರು. ಪ್ರಾರ್ಥನೆ ಮುಗಿದ ಮೇಲೆ ಪುನಃ ಹಾಕಿದರು. ಟ್ರಾಮ್ ನಿಂತಿದ್ದದ್ದು ಮಣಿಪಾಲದಲ್ಲಿ. ಕರೆಂಟು ಹೋಗಿ ಬಂದ, ಅದನ್ನು ನಡೆಸುವ ಸರ್ಕ್ಯೂಟ್ ಬೋರ್ಡಿಗೆ ಮಾತ್ರ ಅದು ಉಡುಪಿಯಲ್ಲೇ ಇದೆ ಎಂಬ ನಂಬಿಕೆ! ಮುಂದಕ್ಕೆ ಓಡಿ, ಹಲಗೆ ದಾಟಿ, ನೇರ ಅಕ್ಕಿ ಡಬ್ಬಕ್ಕೆ.

"ಅಕ್ಕಿಗೆ ಬಿದ್ದದ್ದು ಒಳ್ಳೆಯದಾಯಿತು, ಪಕ್ಕದಲ್ಲೇ ಸಾರು ಇತ್ತು," ಎಂದರು.

ಕೋಡ್ ತಿದ್ದಬೇಕು. ಕರೆಂಟು ಬಂದ ಕೂಡಲೇ ಹಿಂದೆ ಸರಿದು ಉಡುಪಿ ಹುಡುಕುವುದು, ಆಮೇಲೆ ಹೊರಡುವುದು. ಪ್ಲಗ್ಗಿನ ಮೇಲೆ ಚೀಟಿಯನ್ನೂ ಅಂಟಿಸಬೇಕು. ಮಮ್ಮಿ ಓದುವುದಿಲ್ಲ.

ನವೆಂಬರ್ 13

ಓಡುತ್ತಿದೆ! ಐದು ಸ್ಟಾಪ್. ಹಳಿಯ ಕೆಳಗೆ ಆಯಸ್ಕಾಂತ ಇಟ್ಟಲ್ಲೆಲ್ಲ ನಿಲ್ಲುತ್ತದೆ. ಹತ್ತು ಸೆಕೆಂಡ್. ಹೊರಟಿತು. ಕರಪತ್ರ ಮುನ್ನೂರು ಪ್ರತಿ ತೆಗೆದೆ: "ಪ್ರತಿ ಸ್ಟಾಪಿನಲ್ಲೂ ಹತ್ತು ಸೆಕೆಂಡ್. ಇಪ್ಪತ್ತು ನಿಮಿಷದಲ್ಲಿ ಮಣಿಪಾಲ. ಯಾರನ್ನೂ ಬಿಟ್ಟು ಹೋಗುವುದಿಲ್ಲ."

ನವೆಂಬರ್ 16, ಭಾನುವಾರ

ಪಕ್ಕದ ಮನೆಯ ಧನರಾಜಣ್ಣನನ್ನು ಕರೆದೆ. ಕಾರ್ಕಳ ಲೈನಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವರು. ನೋಡಿ ಕಲಿಯಲಿ ಎಂದೇ ಕರೆದದ್ದು.

"ಚಂದ ಉಂಟು ಲವಿಟಾ. ಜನ ಎಲ್ಲಿ ಮಾರಾಯ್ತಿ?"

ಕ್ರಿಸ್ಮಸ್ಸಿಗೆ ಕೊಟ್ಟಿಗೆ ಕಟ್ಟಿ ಇಡುವ ಗೋದಲಿಯ ಗೊಂಬೆಗಳನ್ನು ತಂದು ಸ್ಟಾಪುಗಳಲ್ಲಿ ನಿಲ್ಲಿಸಿದೆ. ಕುರುಬರು, ಮೂವರು ರಾಜರು.

"ರಾಜರಿಗೂ ಟಿಕೇಟು ಉಂಟಾ?" ಒಲೆಯ ಬಳಿಯಿಂದ ಮಮ್ಮಿ. ಮೀನು ತೊಳೆದ ಕೈ ಒರೆಸಿಕೊಂಡು ಬಂದವರು ಕೊಡ ಹೊತ್ತ ಹೆಂಗಸಿನ ಗೊಂಬೆ ಎತ್ತಿಕೊಂಡರು. ಟ್ರಾಮ್ ಕಡಿಯಾಳಿಯಲ್ಲಿ ನಿಂತಿತು. ಗೊಂಬೆಯನ್ನು ತಾವು ಬಸ್ಸು ಹತ್ತುವ ಹಾಗೆಯೇ ಹತ್ತಿಸತೊಡಗಿದರು. "ಮೊದಲು ಚೀಲ ಒಳಗೆ... ಆಮೇಲೆ ಕಂಬಿ... ಒಳ್ಳೆಯ ಕಾಲು... ಈಗ ನೋವಿನ ಕಾಲು —"

ಟ್ರಾಮ್ ಹೊರಟಿತು. ಗೊಂಬೆ ಅಡ್ಡಬಿತ್ತು.

ಮಮ್ಮಿ ನಕ್ಕರು. "ಇದೂ ಬಿಟ್ಟು ಹೋಯಿತಲ್ಲ, ಬಾಯೆ."

ಧನರಾಜಣ್ಣ ನಗಲಿಲ್ಲ.

"ಇಪ್ಪತ್ತು ಸೆಕೆಂಡ್ ಮಾಡುತ್ತೇನೆ," ಎಂದೆ.

"ಇಪ್ಪತ್ತೊಂದು ಬೇಕಾದವರು ಎಂತ ಮಾಡುವುದು? ನಾನು ಕೆಳಗೆ ಇಳಿದು ನಿಲ್ಲುತ್ತಿದ್ದೆ. ವಿಸಿಲ್ ಬಾಯಲ್ಲಿ, ಊದುವುದಿಲ್ಲ. ಕೊನೆಯ ಕಾಲು ಒಳಗೆ ಬಂದ ಮೇಲೆಯೇ ರೈಟ್ ಪೋಯಿ. ಎರಡು ನಿಮಿಷ ಲೇಟು ಅಂತ ಸ್ಟ್ಯಾಂಡಿನಲ್ಲಿ ಬೈಯುತ್ತಿದ್ದರು. ಬೈಯಲಿ."

"ಎಲ್ಲರೂ ನಿಮ್ಮ ಹಾಗೆ ಇಲ್ಲವಲ್ಲ! ಅದಕ್ಕೇ ಯಂತ್ರ ಬೇಕಾದದ್ದು."

"ಯಂತ್ರಕ್ಕೆ ಹತ್ತು ಅಂತ ಹೇಳಿಕೊಟ್ಟದ್ದು ಯಾರು, ಹಾಗಾದರೆ?"

ಸಿಟ್ಟು ಬಂತು. ಅವರ ಮೇಲಲ್ಲ. ಹತ್ತು ಎಂದು ಟೈಪ್ ಮಾಡುವಾಗ ಯಾರನ್ನೂ ಕೇಳಿರಲಿಲ್ಲ. ಆಗ ಮಮ್ಮಿ ಮೂರಡಿ ದೂರದಲ್ಲೇ ಅಕ್ಕಿ ಆರಿಸುತ್ತಿದ್ದರು. ಮುನ್ನೂರು ಪ್ರತಿ!

ಅದೇ ದಿನ, ಸಂಜೆ

ಬೋರ್ಡಿಗೆ ಸ್ವಿಚ್ ಹಾಕಿದೆ. ಒತ್ತುವವರೆಗೂ ಟ್ರಾಮ್ ಹೊರಡದು. ಮಂಗಳವಾರ ಸಭೆಯಲ್ಲಿ ಒತ್ತಲು ಧನರಾಜಣ್ಣ ಬರುತ್ತಾರಂತೆ, ಖಾಕಿ ಇಸ್ತ್ರಿ ಮಾಡಿಸಿ.

ಕರಪತ್ರಗಳಲ್ಲಿ "ಹತ್ತು ಸೆಕೆಂಡ್" ಪೆನ್ನಿನಿಂದ ಹೊಡೆದುಹಾಕುತ್ತಿದ್ದೇನೆ. ಎಪ್ಪತ್ತು ಆಯಿತು. ಆ ಜಾಗದಲ್ಲಿ ಎಷ್ಟು ಎಂದು ಬರೆಯುವುದು? ಇನ್ನು ಅಳೆಯದೆ ಬರೆಯುವುದಿಲ್ಲ. ನಾಳೆ ಬಸ್ಸಿನ ಮೆಟ್ಟಿಲ ಮೇಲೆ ನನ್ನ ಒಂದು ಕಾಲು, ಕೆಳಗೆ ವಾಚು ಹಿಡಿದು ಧನರಾಜಣ್ಣ. ಮಮ್ಮಿಯ ಎರಡೂ ಕಾಲು ಒಳಗೆ ಬರುವವರೆಗೆ ಯಾವ ಕಂಡಕ್ಟರ್ ಕೂಗಿದರೂ ನಾನು ಆ ಕಾಲು ತೆಗೆಯುವುದಿಲ್ಲ.

ಸೋಮವಾರ. ಬೆಳಿಗ್ಗೆ 8.10. ಬಸ್ಸಿಗೆ ಇನ್ನು ಎರಡು ನಿಮಿಷ. ಕಡಿಯಾಳಿ ಸ್ಟಾಪ್.