ಮೊದಲು ನನ್ನ ತೋಳಿಗೇ ಕಟ್ಟಿ

ಕೆರಗೋಡು,
8-11-2024, ಶುಕ್ರವಾರ

ಪ್ರೀತಿಯ ಅತ್ತೆಮ್ಮಾ,

ನಿಮ್ಮ ಸೊಸೆ ಶಶಿರೇಖಾಳ ನಮಸ್ಕಾರ. ಮಳವಳ್ಳಿಯಲ್ಲಿ ಎಲ್ಲರೂ ಹೇಗಿದ್ದೀರಿ? ಬಾಣಂತಿ ಅರ್ಪಿತ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದಾಳಾ? ಮಗುವಿಗೆ ಎಣ್ಣೆ ನೀವಿ ನೀವಿ ನಿಮ್ಮ ಮೊಣಕಾಲು ನೋವು ಜಾಸ್ತಿಯಾಗಿಲ್ಲ ತಾನೆ? ಈ ಕಾಗದವನ್ನು ಅರ್ಪಿತಳ ಕೈಲೇ ಓದಿಸಿ. ಫೋನಿನಲ್ಲಾದರೆ ನಾನು ಅರ್ಧ ಹೇಳುವಷ್ಟರಲ್ಲಿ ನೀವು ಅಳಲು ಶುರು ಮಾಡುತ್ತೀರಿ, ಏನೂ ಇಲ್ಲ ಬಿಡಿ ಅಂತ ನಾನು ಸುಳ್ಳು ಹೇಳಬೇಕಾಗುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಈಗ ಚೆನ್ನಾಗಿದ್ದೇನೆ.

ಆಸ್ಪತ್ರೆ ಹತ್ತಿರವಿರಲೆಂದು ಮಗಳ ಬಾಣಂತನಕ್ಕೆ ನೀವೇ ಅವಳ ಮನೆಗೆ ಹೋದ ಮೇಲೆ ಗೊತ್ತಾಯಿತು, ಈ ಮನೆಯಲ್ಲಿ ನೀವು ಎಷ್ಟು ಕೆಲಸ ಮಾಡುತ್ತಿದ್ದಿರಿ ಅಂತ. ನೀವು ಹೋದಾಗಿನಿಂದ ನಾನೇ ಬೆಳಗಿನ ಜಾವ ಎದ್ದು ಕೊಟ್ಟಿಗೆ ಬಾಚಿ, ಹಾಲು ಕರೆದು ಡೈರಿಗೆ ಹಾಕಿ, ಮಕ್ಕಳಿಗೆ ಡಬ್ಬಿ ಕಟ್ಟಿ, ಆಮೇಲೆ ಆಶಾ ಕಾರ್ಯಕರ್ತೆಯ ಗುಲಾಬಿ ಸೀರೆ ಉಟ್ಟು ಊರೆಲ್ಲ ಸುತ್ತುವುದು. ಸಂಜೆಯಾದರೆ ಮಹಿಳಾ ಸಂಘ, ಶಾಲೆಯ ಸಮಿತಿ, ಯಾರದೋ ಸೀಮಂತ. ಮಧ್ಯಾಹ್ನದ ಊಟವೆಂದರೆ ಯಾರ ಜಗಲಿಯಲ್ಲೋ ಒಂದು ಲೋಟ ಟೀ. ದಿನಾ ತಲೆ ಸಿಡಿಯುತ್ತಿತ್ತು. ಬಿಸಿಲಿಗಿರಬೇಕು ಅಂದುಕೊಂಡೆ.

ಕಳೆದ ತಿಂಗಳು ಸಮುದಾಯ ಭವನದಲ್ಲಿ ಬೀಪಿ, ಶುಗರ್ ತಪಾಸಣೆ ಇತ್ತು. ನಾನೇ ಮನೆಮನೆಗೂ ಹೋಗಿ ಜನರನ್ನು ಕರೆತಂದಿದ್ದೆ. ಹಿಂದಿನ ಬೀದಿಯ ಪುಟ್ಟಮಾದಯ್ಯಜ್ಜ ಮಾತ್ರ ಬೀಪಿ ಪಟ್ಟಿ ನೋಡಿ ಬಾಗಿಲಲ್ಲೇ ನಿಂತು, "ಅದ ಕಟ್ಟುದ್ರೆ ರಕ್ತ ಈರ್ಕತದಂತೆ, ನಾ ಒಲ್ಲೆ ಕಣವ್ವ" ಅಂತ ಹಟ ಹಿಡಿದರು. ಅವರ ಹೆದರಿಕೆ ಬಿಡಿಸೋಣವೆಂದು ನಾನೇ ಕುರ್ಚಿಯಲ್ಲಿ ಕೂತು, "ಮೊದಲು ನನ್ನ ತೋಳಿಗೇ ಕಟ್ಟಿ" ಅಂದೆ. ನರ್ಸ್ ನಾಗರತ್ನ ಒಂದು ಸಲ ನೋಡಿದಳು, ಇನ್ನೊಂದು ಸಲ ನೋಡಿದಳು. ನಗುತ್ತಿದ್ದವಳ ಮುಖ ಸಪ್ಪಗಾಯಿತು. "ಅಕ್ಕಾ, ನೂರಾ ಎಪ್ಪತ್ತೆಂಟು" ಎಂದು ಪಿಸುಗುಟ್ಟಿದಳು. ಅಜ್ಜನ ಕಿವಿ ಎಷ್ಟು ಚುರುಕು ನೋಡಿ! "ಊರ್ಗೆಲ್ಲಾ ಬುದ್ಧಿ ಯೋಳೋಳ್ಗೇ ಬೀಪಿ ಬಂದದಲ್ಲಪ್ಪೋ!" ಅಂದರು. ಇಡೀ ಸಾಲು ನಕ್ಕಿತು. ನಾನೂ ನಕ್ಕೆ. ನಗುತ್ತಲೇ ಅಳು ಬಂದುಬಿಟ್ಟಿತು. ಇದೇ ಬೀಪಿಯಿಂದ ನಮ್ಮಪ್ಪ ಲಕ್ವ ಹೊಡೆದು ಏಳು ವರ್ಷ ಹಾಸಿಗೆ ಹಿಡಿದಿದ್ದು ನಿಮಗೆ ಗೊತ್ತಲ್ಲ. ಆಗ ಅಜ್ಜ ಪಕ್ಕದಲ್ಲಿ ಬಂದು ಕೂತು ತೋಳು ಚಾಚಿ, "ಅಳಬ್ಯಾಡ ಕಣವ್ವ, ತಕಾ, ನಂಗೂ ಕಟ್ಟು" ಅಂದರು. ಎಂಬತ್ತರ ಮುದುಕನಿಗೆ ನೂರಾ ಇಪ್ಪತ್ತು! ಈಗ ಸಿಕ್ಕಿದವರಿಗೆಲ್ಲ ಅದನ್ನೇ ಹೇಳಿಕೊಂಡು ಓಡಾಡುತ್ತಿದ್ದಾರೆ.

ಡಾಕ್ಟರು ಮಾತ್ರೆ ಕೊಟ್ಟರು, ಉಪ್ಪು ಕಡಿಮೆ ಮಾಡಿ, ನಿದ್ದೆ ಮಾಡಿ, ನಡೆಯಿರಿ ಅಂದರು. ಎಲ್ಲ ಕೆಲಸವನ್ನೂ ನೀವೇ ಯಾಕೆ ಮಾಡಬೇಕು ಅಂತ ಕೇಳಿದರು. ಮನೆಗೆ ಬಂದು ಹೇಳಿದರೆ, ತಲೆನೋವನ್ನು ಇಷ್ಟು ದಿನ ಮುಚ್ಚಿಟ್ಟೆನೆಂದು ನಿಮ್ಮ ಮಗನಿಗೆ ಕೋಪ. "ನಂಗೊಂದ್ಮಾತು ಯೋಳ್ಬಾರ್ದಾ? ನಾನೇನ್ ಈ ಮನೇಗ್ ನೆಂಟನಾ?" ಅಂದರು. ಮಾರನೇ ದಿನದಿಂದ ಹಾಲು ಕರೆಯುವುದು, ಮುದ್ದೆ ಮಾಡುವುದು ಅವರದೇ. ಮೊದಲ ದಿನದ್ದನ್ನು ಮುದ್ದೆ ಅನ್ನುವ ಹಾಗಿರಲಿಲ್ಲ, ಲೋಟದಲ್ಲಿ ಕುಡಿಯಬಹುದಿತ್ತು. ಈಗ ನನಗಿಂತ ಚೆನ್ನಾಗಿ ಕಟ್ಟುತ್ತಾರೆ. ಶಾಲೆಯ ಸಮಿತಿಯನ್ನು ನನ್ನ ಜೊತೆ ಅದರಲ್ಲೇ ಇದ್ದ ಭಾಗ್ಯಲಕ್ಷ್ಮಿಗೆ ಬಿಟ್ಟುಕೊಟ್ಟೆ. ಅವಳು ಚೆನ್ನಾಗಿಯೇ ನಡೆಸುತ್ತಿದ್ದಾಳೆ, ನಿಜ ಹೇಳಬೇಕೆಂದರೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ. ಸಂಘವನ್ನೂ ಬಿಡೋಣವೆಂದಿದ್ದೆ. ಸಂಘದ ಗೆಳತಿ ಬಿಬಿ ಜಾನ್ ಬಿಡಲಿಲ್ಲ. "ಸಂಘ ಬುಟ್ಟು ಮನೇಲಿ ಒಬ್ಳೇ ಕುಂತ್ರೆ ಬೀಪಿ ಇಳಿದದಾ?" ಅಂತ ಜಗಳಕ್ಕೇ ಬಂದಳು. ಈಗ ನಮ್ಮ ಸಭೆ ಕೂತು ನಡೆಯುವುದಿಲ್ಲ. ಸಂಜೆ ಎಲ್ಲರೂ ನಾಲೆ ಏರಿಯ ಮೇಲೆ ನಡೆಯುತ್ತಲೇ ಮಾತು ಮುಗಿಸುತ್ತೇವೆ. ಸೇತುವೆವರೆಗೆ ಮನೆಯ ಗೋಳು ಹೇಳಬಹುದು, ಸೇತುವೆ ದಾಟಿದ ಮೇಲೆ ನಗೆಮಾತು ಮಾತ್ರ, ಇದು ಬಿಬಿ ಜಾನಳ ಕಾನೂನು. ನಿನ್ನೆ ನೋಡಿಸಿದಾಗ ನೂರಾ ಮೂವತ್ತೆರಡಕ್ಕೆ ಇಳಿದಿತ್ತು.

ಮಗುವಿಗೆ ನನ್ನ ಮುತ್ತು, ಅರ್ಪಿತಳಿಗೆ ಪ್ರೀತಿ. ಮಕ್ಕಳು ಅಜ್ಜಿಯನ್ನು ದಿನಾ ಕೇಳುತ್ತಾರೆ. ನಿಮ್ಮ ಆಶೀರ್ವಾದ ನಮ್ಮ ಮೇಲಿರಲಿ.

ನಿಮ್ಮ ಸೊಸೆ,
ಶಶಿರೇಖಾ

ತಾ.ಕ.: ನಿಮ್ಮ ಮಗ ಈ ಕಾಗದವನ್ನು ನಿಮಗೆ ತಲುಪಿಸಲು ಬೈಕ್ ಸ್ಟಾರ್ಟ್ ಮಾಡಿ ಹಾರನ್ ಹೊಡೆಯುತ್ತಿದ್ದಾರೆ. ನೀವು ಅಲ್ಲಿ ಹಿತ್ತಲಲ್ಲಿ ಎರಡು ಸಲ ತಲೆ ಸುತ್ತಿ ಗೋಡೆ ಹಿಡಿದು ಕೂತಿರಂತೆ. ಅರ್ಪಿತ ನನಗೆ ಹೇಳಿದಳು, ಅವಳ ಮೇಲೆ ಸಿಟ್ಟಾಗಬೇಡಿ. ನಿಮ್ಮ ಮಗನಿಗಿನ್ನೂ ಇದು ಗೊತ್ತಿಲ್ಲ. ಕಾಗದ ಓದಿಸಿದ ತಕ್ಷಣ ಅದೇ ಬೈಕಿನಲ್ಲಿ ಆಸ್ಪತ್ರೆಗೆ ಹೋಗಿ ತೋರಿಸಿಕೊಳ್ಳಿ. ಮಗುವಿಗೆ ನೀರು ಹಾಕುವವರು ಯಾರು ಅನ್ನಬೇಡಿ, ಇವತ್ತೊಂದು ದಿನ ಅಳಿಯಂದಿರು ಹಾಕಲಿ. ಅರ್ಪಿತಾ, ಈ ಸಾಲುಗಳನ್ನು ನುಂಗಬೇಡ, ಜೋರಾಗಿ ಓದು, ನಿಮ್ಮಣ್ಣನಿಗೂ ಕೇಳಿಸಲಿ.